ಆನೆ ಕಾಸಿನ ಸ್ಥಿತಿ

೧೯೪೪ ಜನವರಿ ೧೦, ಸೋಮವಾರ. ರಾಯಚೂರು

ಇಂದು ಬೆಳಿಗ್ಗೆ ದೇವದುರ್ಗದ ತಹಸೀಲು ಕಚೇರಿಯಲ್ಲಿ ಕಾಗದಪತ್ರ ನೋಡುವ ಪೇಶ್ಕಾರ ಸೈಫುದ್ದೀನ್ ಮನೆಗೆ ಬಂದಿದ್ದ. ಮಾನ್ವಿಯ ಶಾಲೆಯಲ್ಲಿ ನನ್ನ ಕೈಯಲ್ಲಿ ಕಲಿತವನು. ಈಗ ಅವನ ಕಿವಿಯ ಮೇಲೂ ನರೆ ಬಂದಿದೆ, ಆದರೂ ನನ್ನೆದುರು ಕುರ್ಚಿಯ ತುದಿಯಲ್ಲೇ ಕೂಡುತ್ತಾನೆ. ಅರಗಿನ ಮುದ್ರೆಯೊತ್ತಿದ ಒಂದು ಬಟ್ಟೆಗಂಟನ್ನು ಮೇಜಿನ ಮೇಲಿಟ್ಟ.

“ತಹಸೀಲ್ದಾರ್ ಸಾಹೇಬ್ರು ಕಳಿಸ್ಯಾರ್ರಿ ಮಾಸ್ತರ್ ಸಾಬ್. ಹೈದರಾಬಾದಿಗೆ ಕಳಿಸಿದ್ರ ಜವಾಬು ಬರಾಕ ಆರು ತಿಂಗಳು. ಈ ಜಿಲ್ಲಾದಾಗ ಹಳೇ ರೊಕ್ಕ ಓದೋರು ನಿಮ್ಮನ್ನ ಬಿಟ್ರ ಯಾರದಾರ?”

ಸಂಗತಿ ಇಷ್ಟು. ಅರಕೇರಾದಲ್ಲಿ ಹಂಪಯ್ಯ ಎಂಬೊಬ್ಬ ಜಮೀನುದಾರ ತನ್ನ ಎರೆ ಹೊಲದಲ್ಲಿ ಬಾವಿ ತೋಡಿಸಿದ. ತೋಡಿದ ಕೂಲಿಯವರಲ್ಲಿ ತಾಯಣ್ಣ ಎಂಬವನ ಗುಡಿಸಲಿನಲ್ಲಿ ಒಂಬತ್ತು ಹಳೆಯ ತಾಮ್ರದ ಕಾಸು ಸಿಕ್ಕಿವೆ. ಬಾವಿಯಲ್ಲಿ ನಿಧಿಯ ಕೊಡ ಸಿಕ್ಕಿತ್ತು, ಇವನು ಬಂಗಾರವನ್ನು ಎಲ್ಲೋ ಬಚ್ಚಿಟ್ಟು ತಾಮ್ರವನ್ನು ಮನೆಯಲ್ಲಿಟ್ಟಿದ್ದಾನೆ ಎಂದು ಹಂಪಯ್ಯನ ಫಿರ್ಯಾದು. ತಾಯಣ್ಣನನ್ನು ಹಿಡಿದು ಹವಾಲಾತಿನಲ್ಲಿ ಕೂಡಿಹಾಕಿದ್ದಾರೆ. ಮೊದಲಿನಿಂದ ಮನೆಯಲ್ಲಿದ್ದವು ಎನ್ನುತ್ತಾಳಂತೆ ಅವನ ತಾಯಿ. ಇವು ಈಚೆಗೆ ನೆಲದಿಂದ ತೆಗೆದವೋ, ಮನೆಯಲ್ಲಿ ಇದ್ದವೋ ಎಂದು ನಾನು ಬರೆದುಕೊಡಬೇಕು. ಸೈಫುದ್ದೀನ್ ಗಂಟನ್ನು ಬಿಚ್ಚಿ ನನ್ನ ಬಳಿ ಬಿಟ್ಟು, ಊರೊಳಗೆ ಕೆಲಸವಿದೆಯೆಂದು ಸಂಜೆಯವರೆಗೆ ಹೋದ.

ಒಂಬತ್ತನ್ನೂ ಬಿಳಿಯ ಬಟ್ಟೆಯ ಮೇಲೆ ಸಾಲಾಗಿಟ್ಟು ಭೂತಗನ್ನಡಿ ಹಿಡಿದೆ. ಕೈಯಿಂದ ಕೈಗೆ ಬಂದ ತಾಮ್ರಕ್ಕೆ ಒಂದು ಗಾಢ ಕಂದುಬಣ್ಣ ಕೂತಿರುತ್ತದೆ, ಹಳೆಯ ಮನೆಯ ಚಿಲಕದ ಹಾಗೆ. ಇವುಗಳಲ್ಲಿ ಅದಿಲ್ಲ. ಮೈ ಕೆಂಪಗೆ ಹೊಳೆಯುತ್ತದೆ. ಅಂದರೆ ಹಸಿರು ಕಿಲುಬನ್ನು ಯಾರೋ ಈಚೆಗೆ ಹುಳಿಹಾಕಿ ತೆಗೆದಿದ್ದಾರೆ. ಅಕ್ಷರಗಳ ಸಂದಿಯಲ್ಲಿ ಕೆಮ್ಮಣ್ಣು ಗಟ್ಟಿಯಾಗಿ ಕೂತಿದೆ. ಒಂದರ ಅಂಚಿನಲ್ಲಿ ಅರದಿಂದ ತಿಕ್ಕಿದ ಹೊಸ ಗೀರು: ಒಳಗೆ ಬಂಗಾರವಿದೆಯೇ ಎಂದು ಪರೀಕ್ಷೆ ಮಾಡಿದ್ದಾರೆ. ಒಂದು ವಿಚಿತ್ರ, ಎಂಟು ಕಾಸುಗಳು ಒಂದೇ ಮಗ್ಗುಲಿಗೆ ಸವೆದಿವೆ, ಹಿಂಬದಿ ಹೆಚ್ಚುಕಡಿಮೆ ನೆಟ್ಟಗಿದೆ. ಸಂತೆಯಲ್ಲಿ ಓಡಾಡಿದ ಕಾಸು ಎರಡೂ ಕಡೆ ಸವೆಯಬೇಕು. ಇದನ್ನು ಬಿಡುವಾದಾಗ ಯೋಚಿಸಬೇಕು. ಅಭಿಪ್ರಾಯಕ್ಕೆ ಅಡ್ಡಿಯಿಲ್ಲ. ‘ಒಂದು ವರ್ಷದೊಳಗೆ ಭೂಮಿಯಿಂದ ತೆಗೆದವು’ ಎಂದು ಬರೆದು ಸಹಿ ಹಾಕಿದೆ.

ಬರೆಯುವಾಗ ಮಾನ್ವಿಯ ನೆನಪಾಯಿತು. ೧೯೧೧ರಲ್ಲಿ ಅಲ್ಲಿ ಒಂದು ಗಡಿಗೆ ತುಂಬ ಹಳೆಯ ಕಾಸು ಸಿಕ್ಕಿದ್ದವು. ನಾನು ಸುದ್ದಿ ತಿಳಿದು ಓಡುವಷ್ಟರಲ್ಲಿ ಕಂಚುಗಾರ ಎಲ್ಲವನ್ನೂ ಕರಗಿಸಿ ಕೊಳಗ ಮಾಡಿದ್ದ. ಕುಲುಮೆಯ ಪಕ್ಕ ಬಿದ್ದಿದ್ದ ಒಂದೇ ಒಂದು ಕಾಸನ್ನು ನಾನು ಉಳಿಸಿದೆ. ನಾಡಿನ ಚರಿತ್ರೆಯನ್ನು ಕೊಳಗ ಮಾಡಿ ಅನ್ನ ಬೇಯಿಸುವವರ ಮೇಲೆ ನಾನು ಅಂದಿನಿಂದ ಬರೆದ ಅರ್ಜಿಗಳಿಗೆ ಲೆಕ್ಕವಿಲ್ಲ. ಊರಲ್ಲಿ ನನ್ನನ್ನು ‘ಅರ್ಜಿ ಮಾಸ್ತರ’ ಎನ್ನುತ್ತಾರೆ. ಎನ್ನಲಿ.

ಇನ್ನೊಂದು ಸಂಗತಿ. ಒಂಬತ್ತರಲ್ಲಿ ಆ ಅರದ ಗೀರಿರುವುದು ಆನೆ ಕಾಸು. ಸೊಂಡಿಲಿನ ಮಡಿಕೆ, ದಂತ, ಪಾದದ ಉಗುರು ಕೂಡ ಎಣಿಸಬಹುದು. ಮೂವತ್ತು ವರ್ಷದಲ್ಲಿ ಇಂಥದ್ದನ್ನು ನಾನು ಕಂಡಿಲ್ಲ. ಮಾನ್ವಿಯಲ್ಲಿ ನಾನು ಉಳಿಸಿದ್ದೂ ಇದೇ ಜಾತಿಯ ಆನೆಯೇ, ಆದರೆ ಸವೆದು ಕಲ್ಲಿನ ಗುಂಡಿನಂತಿದೆ. ಕಚೇರಿಯ ಉಗ್ರಾಣದಲ್ಲಿ ಇದು ಇಲಿಗಳ ಪಾಲಾಗುತ್ತದೆ. ಪಂಚನಾಮೆಯಲ್ಲಿ ‘ಹಳೇ ತಾಮ್ರದ ಬಿಲ್ಲೆ ಒಂಬತ್ತು’ ಎಂದಷ್ಟೇ ಇದೆ. ಒಂಬತ್ತು ಒಂಬತ್ತೇ ಆಗಿರುತ್ತದೆ. ಹೆಂಡತಿ ಗೋಪಮ್ಮನಿಂದ ಲಿಂಬೆಗಾತ್ರದ ಹುಣಸೆಹಣ್ಣು ಪಡೆದು ಮಾನ್ವಿಯದನ್ನು ತಿಕ್ಕಿದೆ. ಕಂದುಬಣ್ಣ ಹೋಗಿ ಮಿಕ್ಕವುಗಳ ಹಾಗೆ ಕೆಂಪಾಯಿತು. ಸಂದಿಗೆ ಹಿತ್ತಲಿನ ಕೆಮ್ಮಣ್ಣು ಒತ್ತಿದೆ. ಇದು ಕಳವಲ್ಲ, ಅದಲುಬದಲು. ವಿದ್ಯೆಯ ಸಲುವಾಗಿ ಮಾಡಿದ್ದು.

ಸಂಜೆ ಸೈಫುದ್ದೀನ್ ಎಣಿಸಿಕೊಂಡು ಮತ್ತೆ ಮುದ್ರೆಯೊತ್ತಿದ.

ಜನವರಿ ೧೨

ನಾಣ್ಯದ ಪೆಟ್ಟಿಗೆಯಲ್ಲಿ ಆನೆಗೆ ಮೇಲಿನ ಸಾಲಿನ ಮಧ್ಯದ ಗೂಡು ಕೊಟ್ಟಿದ್ದೇನೆ. ಚೀಟಿ ಬರೆದೆ: ‘ಆನೆ ಕಾಸು. ತಾಮ್ರ. ಸ್ಥಿತಿ: ಉತ್ತಮ. ದೊರೆತ ಸ್ಥಳ:’ ಮುಂದಿನದನ್ನು ಸದ್ಯ ಖಾಲಿ ಬಿಟ್ಟಿದ್ದೇನೆ.

ಗೋಪಮ್ಮ ಹಿಂದೆ ನಿಂತು ನೋಡಿ, “ಹುಣಸಿಹಣ್ಣಿಲೆ ಸಾರು ಮಾಡೋದು ಕೇಳಿದ್ದೆ. ಆನಿ ಮಾಡೋದು ಕೇಳಿದ್ದಿಲ್ಲ” ಎಂದಳು. ಅವಳಿಗೆ ಈ ವಿಷಯ ತಿಳಿಯುವುದಿಲ್ಲ.

ಜನವರಿ ೨೧, ಶುಕ್ರವಾರ

ಬೆಳಿಗ್ಗೆ ಬಾಗಿಲಲ್ಲಿ ಒಬ್ಬ ಮುದುಕಿ. ತಾಯಣ್ಣನ ತಾಯಿ, ಹೆಸರು ಮೂಕಮ್ಮ. ಗಬ್ಬೂರಿನವರೆಗೆ ಯಾರದೋ ಬಂಡಿಯಲ್ಲಿ, ಅಲ್ಲಿಂದ ನಡೆದು ಬಂದಿದ್ದಾಳೆ. ಅಂಗಳದಲ್ಲೇ ನಿಂತಳು, ನಾನು ಕಟ್ಟೆಯ ಮೇಲೆ ಕುಳಿತು ಮಾತಾಡಿದೆ.

“ನಮ್ಮ ಬಿಲ್ಲಿ ನೋಡಿ ಕಾಗದ ಬರದೋರು ನೀವ ಏನ್ರಿ ಯಪ್ಪಾ?”

“ನಾನ. ಏನೀಗ?”

“ಮಣ್ಣಾಗಿಂದ ತಗದವು ಅಂತ ಬರದೀರಂತ. ಪೇಶ್ಕಾರ್ರು ಓದಿ ಹೇಳಿದ್ರು. ಅವು ನಮ್ಮ ಜಗಲಿ ಮ್ಯಾಲಿನವ್ರಿ. ನಾ ಲಗ್ನಾಗಿ ಬಂದಾಗ ಆರಿದ್ವು. ನಾ ಬಂದ ಮ್ಯಾಲ ಮೂರು ಕೂಡಿದ್ವು.”

ಮೂವತ್ತು ವರ್ಷದಲ್ಲಿ ನಿಧಿ ಕದ್ದವರೆಲ್ಲ ಇದೇ ಕಥೆ ಹೇಳಿದ್ದಾರೆ. “ಅಂದ್ರ ನೀನೂ ನನ್ನಂಗ ಹಳೇ ನಾಣ್ಯ ಕೂಡಸ್ತೀ ಅನ್ನು” ಎಂದು ನಕ್ಕೆ.

ಅವಳು ನಗಲಿಲ್ಲ. “ಕೂಡಬಾರದಿತ್ತರಿ. ಕೂಡಿದ್ವು” ಎಂದಳು.

ಏನರ್ಥವೋ. ಆಮೇಲೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೇಳಿದಳು: “ಒಂದು ಮಾತರಿ. ನೀವು ನೋಡಿದಾಗ ಆನಿ ಇತ್ತೇನ್ರಿ? ಕಚೇರ್ಯಾಗ ದೂರದಿಂದ ತೋರ್ಸಿದ್ರು, ಮುಟ್ಟಾಕ ಬಿಡ್ಲಿಲ್ಲ. ಆನಿ ಮಾರಿ ಕಾಣಲಿಲ್ಲರಿ ನನಗ. ನನ್ನ ಕಣ್ಣು ಮಂಜು.”

“ಇತ್ತು. ಒಂಬತ್ತೂ ಇದ್ವು” ಎಂದೆ.

“ಇತ್ತಲ್ಲ. ಹಂಗಾರ ಕಣ್ಣಿಂದ ತಪ್ಪು” ಎಂದು ಸಮಾಧಾನದಿಂದ ಹೋದಳು. ಒಳಗಿನಿಂದ ಗೋಪಮ್ಮ ಅವಳಿಗೆ ಒಂದು ಗಂಟಿನಲ್ಲಿ ರೊಟ್ಟಿ ಕಟ್ಟಿ ಕೊಟ್ಟಳು.

ಜನವರಿ ೨೪

ಪೆಟ್ಟಿಗೆ ತೆರೆಯಲಿಲ್ಲ. ಮೈ ಸರಿಯಿಲ್ಲ.

ಜನವರಿ ೩೦, ಭಾನುವಾರ

ಇದನ್ನು ಬರೆಯಬೇಕೋ ಬೇಡವೋ. ಬರೆಯುತ್ತೇನೆ.

ಮಧ್ಯಾಹ್ನ ಸತ್ತಾರ್ ಸಾಬ್ ಬಂದ. ತೀನ್ ಕಂದೀಲ್ ಚೌಕದ ಹತ್ತಿರ ಅವನದು ಹಳೆಯ ಹಿತ್ತಾಳೆ ತಾಮ್ರದ ಅಂಗಡಿ. ಇಪ್ಪತ್ತು ವರ್ಷದಿಂದ ಗುಜರಿಯಲ್ಲಿ ಹಳೆಯ ಕಾಸು ಬಂದರೆ ಮೊದಲು ನನಗೆ ತೋರಿಸುತ್ತಾನೆ. ನಾನು ಕಣ್ಣಿನಿಂದ ನೋಡುವುದನ್ನು ಅವನು ಮೂಗಿನಿಂದ ನೋಡುತ್ತಾನೆ. ಲೋಹವನ್ನು ಅಂಗೈಯಲ್ಲಿ ತಿಕ್ಕಿ ಮೂಸಿ ಇದು ಇಂಥ ಕಡೆಯದು ಎನ್ನುತ್ತಾನೆ. ನಾನು ಅದನ್ನು ಗೇಲಿ ಮಾಡುತ್ತಿದ್ದೆ.

ಚಹಾ ಕುಡಿಯುತ್ತ ಪೆಟ್ಟಿಗೆ ನೋಡಲು ಕೇಳಿದ. ಬೇಡ ಎನ್ನಲು ಕಾರಣ ಹೊಳೆಯಲಿಲ್ಲ. ಅವನ ಕೈ ನೇರ ಆನೆಗೇ ಹೋಯಿತು.

“ಅರೇ! ಇದು ನಿಮ್ಮ ಕೈಗೆ ಹ್ಯಾಂಗ ಬಂತು ಮಾಸ್ತರ್?”

“ಯಾಕ?”

“ನಾನಾ ಮಾರಿದ್ದಲ್ಲೇನ್ರಿ ಇದು! ಎರಡು ವರ್ಷದ ಹಿಂದ. ನೋಡ್ರಿ ಇಲ್ಲಿ, ಅಂಚಿಗೆ ನನ್ನ ಅರದ ಗುರ್ತು. ಗುಜರಿ ತಾಮ್ರ ಬಂದ್ರ ಮೊದ್ಲು ಒಂದು ಗೀರು ಹಾಕಿ ನೋಡ್ತೀನಿ, ಖೋಟಾ ಐತೇನಂತ. ನಿಮಗ ತೋರ್ಸೋದ್ರಾಗ ಅರಕೇರಾದಿಂದ ಒಬ್ಬ ಮುದುಕಿ ಬಂದು ಒಯ್ದಿದ್ಲು.”

ಆ ಕಡೆಯ ಕೆಲವು ಕೂಲಿ ಮನೆತನಗಳಲ್ಲಿ ಒಂದು ಪದ್ಧತಿಯಿದೆಯಂತೆ. ಮನೆಯ ಹೆಣ್ಣುಮಗಳು ತೀರಿಕೊಂಡರೆ ಅವಳ ಹೆಸರಿನಲ್ಲಿ ಒಂದು ಹಳೆಯ ಕಾಸು ತಂದು ದೇವರ ಜಗಲಿಯ ಮೇಲೆ ಇಡುತ್ತಾರೆ. ಪ್ರತಿ ಹುಣ್ಣಿಮೆಗೆ ಹುಣಸೆಹಣ್ಣಿನಿಂದ ತೊಳೆದು ಎಣ್ಣೆ ಕುಂಕುಮ ಹಚ್ಚುತ್ತಾರೆ.

“ಈಗಿನ ರೊಕ್ಕ ನಕ್ಕೋ, ಬ್ಯಾಡ ಅಂತಾರ” ಎಂದ ಸತ್ತಾರ್. “ಸಂತ್ಯಾಗ ನಡಿಯೋ ರೊಕ್ಕ ಆದ್ರ ಕಷ್ಟ ಬಂದಾಗ ಖರ್ಚಾಗಿ ಹೋಗ್ತದಂತ. ನಡಿಯಲಾರದ್ದು ಮನ್ಯಾಗ ಉಳಿತದ. ಅದಕ್ಕ ನನ್ನಂಗಡಿಗೆ ಬರ್ತಾರ. ನಾ ಯಾರು ಹೋದ್ರು ಅಂತ ಕೇಳಂಗಿಲ್ಲ. ಅಕಿ ಅರ್ಧ ದಿನ ಕುಂತು ಆರಿಸಿದ್ಲು, ಈ ಆನಿ ಚಂದದ ಅಂತ.”

ಸಂದಿಯಲ್ಲಿದ್ದುದನ್ನು ಉಗುರಿನಿಂದ ಕೆದಕಿ, ಬೆವರಿದ ಅಂಗೈಯಲ್ಲಿ ತಿಕ್ಕಿ ತೋರಿಸಿದ. ಅಂಗೈ ಕೆಂಪಾಯಿತು. “ಮೂಸ್ರಿ.”

ಮೂಸಿದೆ. ಎಣ್ಣೆ. ಕುಂಕುಮ.

ಆಗ ನನ್ನ ತಲೆಯೊಳಗೆ ಎಲ್ಲ ಒಂದರ ಮೇಲೊಂದು ಬಿದ್ದವು. ಒಂದೇ ಮಗ್ಗುಲಿನ ಸವೆತ, ಮುಖ ಮೇಲೆ ಮಾಡಿಟ್ಟು ತಿಕ್ಕಿದ್ದರಿಂದ. ಕೆಂಪಗಿನ ಮೈ, ಹುಣಸೆಯಿಂದ. ಅದೇ ಹುಣಸೆಯಿಂದ ನಾನೇ ಒಂದನ್ನು ಹಾಗೆ ಮಾಡಿದ್ದೆನಲ್ಲ! ಮತ್ತೆ ಮಣ್ಣು. ಫಿರ್ಯಾದಿನಲ್ಲೇ ಇತ್ತು: ಹಂಪಯ್ಯನದು ಎರೆ ಹೊಲ. ಕಾಡಿಗೆಯಂಥ ಕರಿಮಣ್ಣು. ಅಲ್ಲಿ ತೋಡಿ ತೆಗೆದ ಕಾಸಿಗೆ ಕೆಂಪು ಎಲ್ಲಿಂದ ಬರಬೇಕು? ಓದಿದ್ದೆ. ಆದರೂ ಕಾಣಲಿಲ್ಲ.

“ಅವ್ರು ಇದನ್ನ ಮಾರಂಗಿಲ್ಲ ಮಾಸ್ತರ್. ಹೊಟ್ಟಿಗಿಲ್ಲದಿದ್ರೂ ಮಾರಂಗಿಲ್ಲ. ನಿಮಗ ಹ್ಯಾಂಗ ಬಂತು?”

“ಯಾರೋ ತಂದುಕೊಟ್ರು.”

ಅವನು ಆನೆಯನ್ನು ಗೂಡಿನಲ್ಲಿ ಮೆಲ್ಲಗೆ ಇಟ್ಟ. ನನ್ನ ಚೀಟಿಯನ್ನು ನೋಡಿದ; ಅವನಿಗೆ ಕನ್ನಡ ಓದಲು ಬರುತ್ತದೆ. ಅರ್ಧ ಚಹಾ ಬಟ್ಟಲಲ್ಲೇ ಬಿಟ್ಟು ಎದ್ದ.

ಜನವರಿ ೩೧

ತಹಸೀಲ್ದಾರರಿಗೆ ಕಾಗದ ಬರೆಯಲು ಕುಳಿತೆ. ಮೊದಲ ಕರಡಿನಲ್ಲಿ ಅಂದಿನ ಮಂಕು ಬೆಳಕನ್ನು ದೂರಿದೆ. ಎರಡನೆಯದರಲ್ಲಿ ಸೈಫುದ್ದೀನನ ಅವಸರವನ್ನು. ಮೂರನೆಯದರಲ್ಲಿ ಹಂಪಯ್ಯನ ದುರಾಸೆ, ಮಾನ್ವಿಯ ಕಂಚುಗಾರ, ಹೈದರಾಬಾದಿನಿಂದ ಆರು ತಿಂಗಳಿಗೆ ಬರುವ ಜವಾಬು, ಎಲ್ಲರೂ ಬಂದರು. ಮೂರನ್ನೂ ಓದಿದೆ. ಮೂರರಲ್ಲೂ ನಾನೊಬ್ಬನೇ ಇರಲಿಲ್ಲ.

ನಾಲ್ಕನೆಯದು ಮೂರು ಸಾಲು: ನನ್ನ ಅಭಿಪ್ರಾಯ ತಪ್ಪು, ಅದು ಮಣ್ಣಲ್ಲ ಕುಂಕುಮ, ಈ ಕಾಸುಗಳು ಪೂಜೆಯಲ್ಲಿದ್ದವು. ಟಪಾಲಿಗೆ ಹಾಕಿದೆ. ಆನೆಯ ಮಾತು ಬರೆಯಲಿಲ್ಲ. ಅದರ ಅಗತ್ಯ ಬೀಳಲಿಕ್ಕಿಲ್ಲ.

ಫೆಬ್ರವರಿ ೨

ಪೇಟೆಯಲ್ಲಿ ಸತ್ತಾರ್ ಎದುರಾದ. ಸಲಾಮು ಮಾಡಿದೆ. ತಕ್ಕಡಿಯ ಮುಳ್ಳು ನೋಡುತ್ತ ನಿಂತಿದ್ದ.

ಫೆಬ್ರವರಿ ೪, ಶುಕ್ರವಾರ

ಸೈಫುದ್ದೀನನಿಂದ ಜವಾಬು. ‘ತಮ್ಮ ಪತ್ರ ಸಾಹೇಬರ ಮುಂದಿಟ್ಟೆ. ಮಾಸ್ತರರು ಇಂದು ಹೀಗೆ, ನಿನ್ನೆ ಹಾಗೆ ಬರೆಯುತ್ತಾರೆ, ಇದಕ್ಕೆ ರುಜುವಾತೇನು ಎಂದು ಹಂಪಯ್ಯನ ವಕೀಲರು ಕೇಳಿದರು. ಬೆಲೆಯುಳ್ಳ ಸಾಕ್ಷಿ ಬೇಕು. ಸೋಮವಾರ ಏಳನೆಯ ತಾರೀಖಿಗೆ ಫೈಸಲಾ. ಸಾಕ್ಷಿಯಿಲ್ಲದಿದ್ದರೆ ತಾಯಣ್ಣನಿಗೆ ಜೈಲು ತಪ್ಪುವುದಿಲ್ಲ. ಅವನು ಬಂಗಾರದ ಜಾಗ ಹೇಳುತ್ತಿಲ್ಲ.’

ಇಲ್ಲದ ಬಂಗಾರದ ಜಾಗವನ್ನು ಯಾರು ಹೇಳಬಲ್ಲರು?

ಸಾಕ್ಷಿ ಜಿಲ್ಲೆಯಲ್ಲಿ ಒಂದೇ ಇದೆ. ಅಂಚಿನಲ್ಲಿ ಸತ್ತಾರ್ ಸಾಬನ ಗೀರಿರುವ ಕಾಸು. ಅದು ಬಾವಿಯಿಂದ ಬಂದದ್ದಲ್ಲ, ತೀನ್ ಕಂದೀಲಿನ ಅಂಗಡಿಯಿಂದ ಹೋದದ್ದು ಎಂದು ತೋರಿಸಿದರೆ ಮುಗಿಯಿತು. ಮುದ್ರೆಯ ಗಂಟಿನಲ್ಲಿದ್ದಿದ್ದರೆ ಎಂದೋ ತೋರಿಸಬಹುದಿತ್ತು. ಅದು ನನ್ನ ಪೆಟ್ಟಿಗೆಯಲ್ಲಿದೆ, ಮೇಲಿನ ಸಾಲಿನ ಮಧ್ಯದ ಗೂಡಿನಲ್ಲಿ.

ಫೆಬ್ರವರಿ ೫

ಸತ್ತಾರನ ಅಂಗಡಿಗೆ ಹೋದೆ. ಅವನು ಒಂದು ಹಂಡೆಯ ತೂತಿಗೆ ಬೆಸುಗೆ ಹಾಕುತ್ತಿದ್ದ. ಗಿರಾಕಿಗಳು ಹೋಗುವವರೆಗೆ ನಿಂತೆ. ಆಮೇಲೆ ಎಲ್ಲ ಹೇಳಿದೆ, ಹುಣಸೆಹಣ್ಣಿನ ಸಹಿತ.

ಅವನು ಹಂಡೆಯನ್ನು ಬದಿಗಿಟ್ಟ. “ಗೊತ್ತಿತ್ರಿ. ನೀವಾ ಹೇಳ್ಲಿ ಅಂತಿದ್ದೆ. ಸೋಮಾರ ಬಸ್ಸಿಗೆ ಹೋಗೂಣು. ಆನಿ ತರ್ರಿ, ನಾ ಬರ್ತೀನಿ. ಆದ್ರ ಅದು ನಿಮ್ಮ ಡಬ್ಬ್ಯಾಗ ಹ್ಯಾಂಗ ಬಂತು ಅನ್ನೋದು ನಾ ಹೇಳಂಗಿಲ್ಲ. ಅದು ನಿಮ್ಮ ಬಾಯಿಂದ ಬರಬೇಕು.”

“ಮೂವತ್ತು ವರ್ಷದ ಮಾನ ಸತ್ತಾರ್.”

“ಆ ಹುಡುಗ ಹವಾಲಾತಿನ್ಯಾಗ ಕುಂತು ತಿಂಗಳಾತು. ನಿಮ್ಮ ಮಾನ ಒಂದಿನ ಕುಂಡ್ರಲಿ ತಗೋರಿ.”

ಮನೆಗೆ ಬಂದು ಗೋಪಮ್ಮನಿಗೂ ಹೇಳಿದೆ. “ನನಗೇನು ಹೇಳ್ತೀರಿ? ಹುಣಸಿಹಣ್ಣು ಕೊಟ್ಟಾಕಿ ನಾನ” ಎಂದಳು. ಪಂಚೆ ಒಗೆದು ಒಣಹಾಕಿದಳು, ಸೋಮವಾರಕ್ಕೆ.

ಫೆಬ್ರವರಿ ೭, ಸೋಮವಾರ. ದೇವದುರ್ಗ

ಇದ್ದಿಲಿನ ಬಸ್ಸು ದಾರಿಯಲ್ಲಿ ಎರಡು ಸಲ ನಿಂತಿತು. ಎರಡು ಸಲವೂ ಅದು ಮತ್ತೆ ಹೊರಡದಿರಲಿ ಎಂದು ಆಸೆಪಟ್ಟೆ. ಬೇರೆ ದಿನವಾದರೆ ಮೊದಲ ಸಲಕ್ಕೇ ಯಾಕೆ ನಿಂತಿತೆಂದು ಇಳಿದು ಬೈಯುವ ಅಭ್ಯಾಸದವನು ನಾನು.

ಕಚೇರಿಯ ಪಡಸಾಲೆಯಲ್ಲಿ ಹಂಪಯ್ಯ, ಅವನ ವಕೀಲ, ಊರಿನ ಹತ್ತಾರು ಜನ. ಕೆಳಗೆ ಬೇವಿನ ಗಿಡದಡಿ ಮೂಕಮ್ಮ. ತಾಯಣ್ಣನನ್ನು ತಂದು ನಿಲ್ಲಿಸಿದರು. ಗಡ್ಡ ಬೆಳೆದ, ಎತ್ತರದ, ಮೂವತ್ತರ ಆಸುಪಾಸಿನ ಮನುಷ್ಯ. ಇಷ್ಟು ದಿನ ನಾನು ಅವನ ಹೆಸರನ್ನು ಬರೆದೆ, ಮುಖವನ್ನು ಒಮ್ಮೆಯೂ ಊಹಿಸಿರಲಿಲ್ಲ.

ಸತ್ತಾರ್ ಒಂದು ಬಿಳಿಯ ಬಟ್ಟೆ ಹಾಸಿ, ತಹಸೀಲ್ದಾರರ ಅಪ್ಪಣೆ ಪಡೆದು ಗಂಟಿನ ಕಾಸುಗಳನ್ನು ಒಂದೊಂದಾಗಿ ಒದ್ದೆ ಮಾಡಿ ಒತ್ತಿದ. ಎಂಟು ಕೆಂಪು ಕಲೆ, ಕುಂಕುಮದ್ದು. ಒಂಬತ್ತನೆಯದು ಕೆಸರಿನ ಕಲೆ. ವಕೀಲರು ಎದ್ದುನಿಂತರು: “ಅಕೋ! ಒಂದಕ್ಕ ಮಣ್ಣು ಐತಿ, ಸಾಹೇಬ್ರ!”

“ಆ ಮಣ್ಣು ನನ್ನ ಹಿತ್ತಲದ್ದು” ಎಂದೆ ನಾನು.

ಎಲ್ಲ ಹೇಳಿದೆ. ಕಿಸೆಯಿಂದ ಆನೆಯನ್ನು ತೆಗೆದು ಬಟ್ಟೆಯ ಮೇಲಿಟ್ಟೆ. ಸತ್ತಾರ್ ತನ್ನ ಅರವನ್ನು ಗೀರಿಗೆ ಹಿಡಿದು ತೋರಿಸಿದ, ಹಲ್ಲಿಗೆ ಹಲ್ಲು ಕೂತಿತು. ಈ ಕಾಸನ್ನು ಎರಡು ವರ್ಷದ ಹಿಂದೆ ಯಾರಿಗೆ ಮಾರಿದೆನೆಂದು ಗಿಡದಡಿಗೆ ಬೆರಳು ತೋರಿಸಿದ. ಒಂಬತ್ತು ಕಾಸುಗಳಲ್ಲಿ ನಿಜವಾಗಿ ಮಣ್ಣು ಹತ್ತಿದ್ದು ಒಂದೇ, ನಾನು ಒಳಗೆ ಸೇರಿಸಿದ್ದು.

ತಹಸೀಲ್ದಾರರು ಬಹಳ ಮರ್ಯಾದೆಯಿಂದ ಕೇಳಿದರು: “ಮಾಸ್ತರ್ ಸಾಹೇಬ್, ಇದನ್ನ ಏನಂತ ಬರಕೊಳ್ಳೋಣ?”

“ಕಳವು ಅಂತ ಬರಕೋರಿ.”

ಹಂಪಯ್ಯ ಹಿಂದಿನಿಂದ, “ಊರವ್ರ ಮ್ಯಾಲೆಲ್ಲಾ ಅರ್ಜಿ ಬರದು ಮುಗಿಸಿ, ಈಗ ತನ್ನ ಮ್ಯಾಲ ತಾನಾ ಬರದಾನ್ರೆಪ್ಪೋ!” ಎಂದ. ಜನ ನಕ್ಕರು. ನಗಬೇಕಾದ ಮಾತೇ.

ತಾಯಣ್ಣನ ಬಿಡುಗಡೆಯಾಯಿತು. ನನ್ನ ಮೇಲಿನ ಕಳವಿನ ವಿಚಾರಣೆ ಬೇರೆ ನಡೆಯುತ್ತದೆ. ಗಂಟನ್ನು ತಾಯಣ್ಣನಿಗೆ ಕೊಟ್ಟು, ಆನೆಯನ್ನು ಮಾತ್ರ ತಹಸೀಲ್ದಾರರು ನನ್ನ ಕೈಗೇ ಕೊಟ್ಟರು. “ಒಯ್ದೋರು ನೀವು. ಅವ್ರ ಮನಿಗೆ ಮುಟ್ಟಿಸೋರೂ ನೀವಾ. ಆ ಮುದುಕಿ ಹೆಬ್ಬೆಟ್ಟಿನ ರಸೀದಿ ತಂದು ಇಲ್ಲಿ ಒಪ್ಪಿಸ್ರಿ.”

ಮೆಟ್ಟಿಲಿಳಿಯುವಾಗ ತಾಯಣ್ಣ ನನ್ನ ಪಕ್ಕ ಬಂದ. ಹೊಡೆಯುತ್ತಾನೆಂದುಕೊಂಡೆ. “ಸಣ್ಣ ಆನಿರಿ ಅದು. ನಿಮ್ಮ ಕಿಸೇದಾಗ ಹಿಡೀತು. ದೊಡ್ಡದಿದ್ರ ನನ್ನ ಪಾಡೇನು ಹೇಳ್ರಿ” ಎಂದು ಹೋದ.

ಫೆಬ್ರವರಿ ೯, ಬುಧವಾರ. ಭಾರತ ಹುಣ್ಣಿಮೆ. ಅರಕೇರಾ

ಬಂಡಿಯವನು ಊರ ಹೊರಗೆ ಬಿಟ್ಟ. ಕೇರಿ ಕೇಳಿಕೊಂಡು ಹೋದೆ. ದಾರಿಯಲ್ಲಿ ಹಂಪಯ್ಯನ ಹೊಸ ಬಾವಿ. ಸುತ್ತ ಒಟ್ಟಿದ ಮಣ್ಣು ಕಪ್ಪಗೆ, ಬಿಸಿಲಿಗೆ ಬಿರಿದಿತ್ತು. ಒಂದು ಹಿಡಿ ತೆಗೆದು ನೋಡಿದೆ. ಇಷ್ಟು ಮಾಡಲು ನನಗೆ ಒಂದು ತಿಂಗಳು ಬೇಕಾಯಿತು.

ಮೂಕಮ್ಮನವರು ಅಂಗಳದಲ್ಲಿ ಕುಳಿತು ಕಾಸುಗಳನ್ನು ತೊಳೆಯುತ್ತಿದ್ದರು. ಮಣ್ಣಿನ ಬೋಗುಣಿಯಲ್ಲಿ ಹುಣಸೆಯ ರಸ, ಪಕ್ಕದಲ್ಲಿ ಎಣ್ಣೆಯ ಬಟ್ಟಲು. ಹೆಬ್ಬೆರಳಿನಿಂದ ಕಾಸಿನ ಮುಖವನ್ನು ಸುತ್ತಿ ಸುತ್ತಿ ತಿಕ್ಕುತ್ತ, ಪ್ರತಿಯೊಂದಕ್ಕೂ ಏನೋ ಮೆಲ್ಲಗೆ ಹೇಳುತ್ತಿದ್ದರು. ಹೆಸರು ಹಿಡಿದು ಕರೆಯುತ್ತಿದ್ದರು ಎಂದು ಹತ್ತಿರ ಹೋದಾಗ ತಿಳಿಯಿತು. ನನ್ನನ್ನು ಕೂಡಲು ಹೇಳಲಿಲ್ಲ. ನಾನು ನಿಂತೇ ಇದ್ದೆ.

ಆನೆಯನ್ನು ಚಾಚಿದೆ. ಕಣ್ಣಿನಿಂದ ನೋಡಲಿಲ್ಲ ಅವರು, ಹೆಬ್ಬೆರಳಿನಿಂದ ಒಂದು ಸಲ ಸವರಿದರು, ಸಾಕಾಯಿತು. ಮಡಿಲಿಗೆ ಹಾಕಿಕೊಂಡರು. ಆಮೇಲೆ ನನ್ನ ಮಾನ್ವಿಯ ಕಾಸನ್ನು ಎತ್ತಿ ಕೊಟ್ಟರು. ಅದಕ್ಕೂ ಕುಂಕುಮ ಹಚ್ಚಿತ್ತು.

“ಇದು ನಿಮ್ದು. ಯಾರ ಮನಿದೋ ತಿಳೀಲಿಲ್ಲ. ಜಗಲಿಗೆ ಬಂದಿತ್ತು, ಹುಣ್ಣಿವಿ ದಿನ ಹಂಗಾ ಬಿಡಾಕ ಮನಸಾಗ್ಲಿಲ್ಲ, ತೊಳದೀನಿ.”

“ಯವ್ವಾ, ನಂದು ತಪ್ಪಾತ್ರಿ.”

ಅವರು ಇನ್ನೊಂದು ಕಾಸನ್ನು ರಸದಲ್ಲಿ ಅದ್ದಿದರು. ಅದನ್ನು ತೊಳೆದು ಮುಗಿಸಿದ ಮೇಲೆ ಕೇಳಿದರು: “ಎಂಟು ಬಿಟ್ಟು ಇದೊಂದಾ ಯಾಕ ತಗೊಂಡ್ರಿ?”

ನನ್ನ ಬಾಯಲ್ಲಿದ್ದದ್ದು ನಿಜವೊಂದೇ. “ಅದರ ಸ್ಥಿತಿ ಚಲೋ ಇತ್ರಿ. ಉಳಿದವು ಸವದಿದ್ವು, ಇದು ಸವದಿದ್ದಿಲ್ಲ.”

“ಎಲ್ಲಿಂದ ಸವಿತದರಿ?” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ತಿಳಿಯದವನಿಗೆ ತಿಳಿಸಿ ಹೇಳುವಂತಿತ್ತು. “ಇದು ನಮ್ಮತ್ತಿ ಅತ್ತಿ, ನೋಡ್ರಿ, ಮಾರಿನಾ ಇಲ್ಲ. ಇದು ನಮ್ಮತ್ತಿ. ಇದು ನಮ್ಮ ನೆಗೆಣ್ಣಿ, ಮೈದುನನ ಹೇಣ್ತಿ. ಈ ಆನಿ ನನ್ನ ಮಗಳು ಸೂಗಮ್ಮ. ಬಾಣಂತನಕ್ಕ ಬಂದಾಕಿ ಹೋಗಿ ಎರಡ ವರ್ಷ ಆತು. ಎರಡು ವರ್ಷದಾಗ ನನ್ನ ಕೈ ಎಷ್ಟು ಆಡ್ಯಾದ ಅಕಿ ಮ್ಯಾಲ?”

ರಸೀದಿಯ ಕಾಗದ ಮತ್ತು ಮಸಿಯನ್ನು ಕೆಳಗಿಟ್ಟೆ. ಹೆಬ್ಬೆಟ್ಟು ಒತ್ತಿಕೊಟ್ಟರು. ಆಮೇಲೆ ಸೂಗಮ್ಮನನ್ನು ರಸದಲ್ಲಿ ಅದ್ದಿ ತಿಕ್ಕತೊಡಗಿದರು. ನಾನು ಹೊರಟದ್ದನ್ನು ನೋಡಲಿಲ್ಲ.

ಫೆಬ್ರವರಿ ೧೪, ಸೋಮವಾರ. ದೇವದುರ್ಗ

ರಸೀದಿ ಒಪ್ಪಿಸಲು ಹೋದೆ. ಸೈಫುದ್ದೀನ್ ಕುರ್ಚಿಗೆ ಒರಗಿ ಕುಳಿತಿದ್ದ. ಕಾಗದವನ್ನು ಬೆಳಕಿಗೆ ಹಿಡಿದು, ಹೊರಳಿಸಿ ನೋಡಿದ.

“ಇದು ನಡಿಯಂಗಿಲ್ಲರಿ. ಹೆಬ್ಬೆಟ್ಟಿನ್ಯಾಗ ಗೆರಿನಾ ಇಲ್ಲ. ಬರೀ ಕರೀ ಚುಕ್ಕಿ.”

ನಾನೂ ನೋಡಿದೆ. ಒಂದು ಗೆರೆಯೂ ಉಳಿದಿರಲಿಲ್ಲ. ಕೂಲಿಯ ಕಲ್ಲು, ಬೀಸುವ ಗೂಟ, ಹುಣಸೆಯ ಹುಳಿ, ನಲವತ್ತು ವರ್ಷದ ಹುಣ್ಣಿಮೆಗಳು. ತಾಮ್ರ ಸವೆದಷ್ಟೇ ಬೆರಳೂ ಸವೆದಿದೆ. ಕಾಸಿನ ಸವೆತ ನೋಡಿ ಅದರ ವಯಸ್ಸು ಹೇಳುತ್ತಿದ್ದವನಿಗೆ ಇದನ್ನು ಓದಲು ಬರಬೇಕಿತ್ತು.

“ಇದು ಮೂಕಮ್ಮನವರದ ಸೈಫುದ್ದೀನ್. ನನ್ನೆದುರಿಗೆ ಒತ್ತ್ಯಾರ. ಹಂಗಂತ ಕೆಳಗ ನಾ ಬರದು ಸಹಿ ಹಾಕಿಕೊಡ್ಲೇನು?”

ಅವನು ದೌತಿಯ ಕಡೆ ಚಾಚಿದ ನನ್ನ ಕೈಯನ್ನು ನೋಡಿದ. ಆಮೇಲೆ ದೌತಿಯನ್ನು ಮೆಲ್ಲಗೆ ತನ್ನತ್ತ ಸರಿಸಿಕೊಂಡ. ಒರಟಾಗಿ ಅಲ್ಲ, ಹಳೆಯ ಶಿಷ್ಯ.

“ಬ್ಯಾಡ್ರಿ ಮಾಸ್ತರ್ ಸಾಬ್. ಬ್ಯಾರೇ ಯಾರದರ ಸಹಿ ತರ್ರಿ.”

ನಾಳೆ ಸತ್ತಾರ್ ಸಾಬನನ್ನು ಕೇಳಬೇಕು.